ಮುನ್ಷಿ ನುಂಗಿದ ‘ಸಾರಿ’

ಕಚೇರಿಗೆ ಹೊಸದಾಗಿ ಸೇರುವವರು ಆಗಾಗ ಬಂದು, ‘ನಿಮ್ಮ ಕಾಲದಾಗ ನೌಕರಿ ಹೆಂಗಿತ್ರಿ, ಒಂದೀಟು ಬರದಿಡ್ರಿ’ ಎಂದು ಒತ್ತಾಯ ಮಾಡುತ್ತಾರೆ. ಅವರಿಗೆ ಬೇಕಾದದ್ದು ಡೇರೆ, ಕುದುರೆ, ಸಾಹೇಬರ ಬೇಟೆ, ಹುಲಿ ಬಂತು ಕರಡಿ ಬಂತು ಎಂಬ ಕಥೆ. ನನ್ನ ಸಾಹೇಬರು ಮೊಲವನ್ನೂ ಹೊಡೆದವರಲ್ಲ. ಬಡ್ತಿಯ ವಿಷಯ ಬರೆಯೋಣವೆಂದರೆ ಅದು ಸರ್ಕಾರಿ ಕಾಗದದಲ್ಲಿ ಇದ್ದೇ ಇರುತ್ತದೆ, ಗೆದ್ದಲು ತಿಂದಿರದಿದ್ದರೆ. ಬರೆಯಲು ನನ್ನ ಹತ್ತಿರ ಉಳಿದಿರುವುದು ಒಂದು ಇಂಗ್ಲಿಷ್ ಮಾತಿನ ಕಥೆ ಮಾತ್ರ. ಅದನ್ನು ನೆನೆದಾಗಲೆಲ್ಲ ಈ ವಯಸ್ಸಿನಲ್ಲೂ ಮುಖ ಬಿಸಿಯಾಗುತ್ತದೆ. ಆದರೂ ಬರೆಯುತ್ತೇನೆ, ಏಕೆಂದರೆ ನೀವೆಲ್ಲ ಆ ಮಾತನ್ನು ದಿನಕ್ಕೆ ಎಷ್ಟು ಸಲ ಅನ್ನುತ್ತೀರೋ ಲೆಕ್ಕವಿಲ್ಲ.

ನಾನು ಮುನ್ಷಿ. ಮುನ್ಷಿ ಅಂದರೆ ಲೆಕ್ಕ ಬರೆಯುವವನು ಎಂದು ಈಗಿನವರು ತಿಳಿಯುತ್ತಾರೆ. ನನ್ನದು ಬಾಯಿಯ ಮುನ್ಷಿಗಿರಿ. ಸಾಹೇಬರು ಆಡಿದ ಇಂಗ್ಲಿಷನ್ನು ಜನಕ್ಕೆ ಕನ್ನಡದಲ್ಲಿ ಹೇಳುವುದು, ಜನ ಆಡಿದ ಕನ್ನಡವನ್ನು ಸಾಹೇಬರಿಗೆ ಇಂಗ್ಲಿಷಿನಲ್ಲಿ ಹೇಳುವುದು, ನಡುವೆ ಕಚೇರಿಯವರು ಬಂದರೆ ಉರ್ದು. ನಿಜಾಮರ ಸೀಮೆಯ ಸಾಲೆಯಲ್ಲಿ ಉರ್ದು ಕಲಿತಿದ್ದೆ. ಹೊಳೆಯಾಚೆ ಇಂಗ್ಲಿಷರ ಸೀಮೆಯ ಹೊಸಪೇಟೆಯಲ್ಲಿ ಸೋದರಮಾವನ ಮನೆಯಲ್ಲಿದ್ದು ಇಂಗ್ಲಿಷ್ ಕಲಿತಿದ್ದೆ. ಕೊಪ್ಪಳದಲ್ಲಿ ಹೀಗೆ ಮೂರೂ ಬಲ್ಲವರು ಆಗ ಕಡಿಮೆ, ಹಾಗಾಗಿ ನನಗೆ ಸೊಕ್ಕು ಬಹಳ. ರುಮಾಲು ಸುತ್ತಿಕೊಂಡು ಸಾಹೇಬರ ಬಲಕ್ಕೆ ನಿಂತೆನೆಂದರೆ ಊರ ಗೌಡನೂ ನನಗೇ ಮೊದಲು ಕೈಮುಗಿಯುತ್ತಿದ್ದ.

ಸಾಹೇಬರ ಕೆಲಸ ಬಾವಿಗಳದು. ಆಗ ನಮ್ಮ ಸೀಮೆಯಲ್ಲಿ ನಾರುಹುಣ್ಣಿನ ಕಾಟ ಹೇಳತೀರದು. ಜನ ಮೆಟ್ಟಿಲ ಬಾವಿಗೆ ಇಳಿದು, ನೀರಲ್ಲಿ ಕಾಲಿಟ್ಟು ಕೊಡ ತುಂಬುತ್ತಿದ್ದರು. ಹುಣ್ಣಾದವನ ಕಾಲಿನಿಂದ ಹುಳದ ಮರಿ ನೀರಿಗೆ ಸೇರಿ, ಆ ನೀರು ಕುಡಿದವರ ಹೊಟ್ಟೆಗೆ ಹೋಗುತ್ತಿತ್ತು. ವರ್ಷ ಕಳೆದ ಮೇಲೆ ಮೊಣಕಾಲ ಕೆಳಗೆ ದಾರದಂಥ ಹುಳ ಹೊರಬೀಳುವಾಗ ಗಟ್ಟಿ ಆಳು ಕೂಡ ಸುಗ್ಗಿಯ ಹೊತ್ತಿಗೆ ಹಾಸಿಗೆ ಹಿಡಿಯುತ್ತಿದ್ದ. ಇದಕ್ಕೆ ಮದ್ದೆಂದರೆ ಮೆಟ್ಟಿಲು ಮುಚ್ಚಿ, ಸುತ್ತ ಕಟ್ಟೆ ಕಟ್ಟಿ, ರಾಟೆ ಹಾಕಿ, ಹಗ್ಗದಿಂದ ನೀರು ಸೇದುವಂತೆ ಮಾಡುವುದು. ಒಳ್ಳೆಯ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಕೊಪ್ಪಳ, ಯಲಬುರ್ಗಾ, ಕುಷ್ಟಗಿ, ಗಂಗಾವತಿ ಎಂದು ಎತ್ತಿನ ಚಕ್ಕಡಿಯಲ್ಲಿ ಕೂತು ಸೊಂಟ ಮುರಿಯುವಂತೆ ತಿರುಗಿದೆವು.

ಆ ಬಿಳಿಯ ಸಾಹೇಬರ ಬಾಯಲ್ಲಿ ದಿನವಿಡೀ ‘ಸಾರಿ’. ಕಾಲು ತಾಗಿದರೆ ಸಾರಿ, ಸೀನು ಬಂದರೆ ಸಾರಿ, ಕೇಳಿಸದಿದ್ದರೆ ಸಾರಿ, ಊಟಕ್ಕೆ ತಡವಾದರೆ ಅಡುಗೆಯವನಿಗೂ ಸಾರಿ. ನಾನು ಬೆರಗಾದೆ. ನಮ್ಮಲ್ಲಿ ಅಕಸ್ಮಾತ್ ಕಾಲು ತಾಗಿದರೆ ಅವರ ಮೈ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇವೆ, ಬಾಯಿ ಬಿಡುವುದಿಲ್ಲ. ತಪ್ಪು ದೊಡ್ಡದಾದರೆ ಅವರ ಮನೆಗೇ ಹೋಗಬೇಕು, ಬಗ್ಗಬೇಕು, ‘ತಪ್ಪಾತು’ ಅನ್ನಬೇಕು. ಆ ಮಾತನ್ನು ಹೊರಗೆ ತರುವುದೆಂದರೆ ಗಂಟಲಲ್ಲಿ ಮುಳ್ಳು ಸಿಕ್ಕಿದ ಹಾಗೆ. ಹಟಕ್ಕೆ ಬಿದ್ದು, ಅದೊಂದು ಮಾತಾಡದೆ ಒಂದೇ ಮನೆಯಲ್ಲಿ ಎರಡು ಒಲೆ ಹೂಡಿದ ಅಣ್ಣತಮ್ಮಂದಿರನ್ನು ನಾನು ಬಲ್ಲೆ. ಸಾಹೇಬರೋ, ಅದನ್ನು ನಿಂತಲ್ಲೇ ಅನ್ನುತ್ತಿದ್ದರು, ನಡೆಯುತ್ತ ಅನ್ನುತ್ತಿದ್ದರು, ಚಹಾ ಕುಡಿಯುತ್ತ ಅನ್ನುತ್ತಿದ್ದರು.

ಇದನ್ನು ಜನಕ್ಕೆ ಹೇಗೆ ಹೇಳುವುದು? ನೌಕರಿಯ ಮೊದಲ ದಿನಗಳಲ್ಲಿ ಒಬ್ಬ ರೈತನಿಗೆ ‘ಸಾಹೇಬ್ರು ತಪ್ಪಾತು ಅಂತಾರ’ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ. ಆತ ಹೆದರಿ ಅಡ್ಡಬಿದ್ದ. ನಮ್ಮ ಕಚೇರಿಯ ಪೇಷ್ಕಾರರು, ಅಂದರೆ ಕಾಗದಪತ್ರ ನೋಡುವ ಹಿರಿಯ ಗುಮಾಸ್ತರು, ಅಲ್ಲೇ ಇದ್ದರು. ಸಂಜೆ ನನ್ನನ್ನು ಕರೆದು ಎಲೆ ಮಡಚುತ್ತ ಬುದ್ಧಿ ಹೇಳಿದರು.

‘ನೋಡೋ ಮುನ್ಷಿ, ಸಾಹೇಬ ಅಂದ್ರ ಸರಕಾರ. ಸರಕಾರ ಎಲ್ಲ್ಯಾರ ರೈತನ ಮುಂದ ತಪ್ಪಾತು ಅಂತೈತೇನು? ಒಮ್ಮಿ ಅಂತಂದ್ರ ನಾಳಿ ಯಾರು ಕಿಮ್ಮತ್ತು ಕೊಡ್ತಾರ?’

‘ಅವರು ಅಂತಾರಲ್ರಿ, ನಾ ಏನ್ ಮಾಡ್ಲಿ?’

‘ಅವರು ಅನ್ಲಿ. ನೀ ಅದನ್ನ ಹೊಟ್ಟ್ಯಾಗ ಹಾಕ್ಕೋ. ಅದಕ್ಕ ನಿನಗ ಪಗಾರ ಕೊಡೋದು.’

ಪೇಷ್ಕಾರರು ಕೆಟ್ಟವರಲ್ಲ. ನನ್ನ ಮದುವೆಗೆ ಬಂದು ಎರಡು ದಿನ ನಿಂತು ಓಡಾಡಿದವರು. ಅವರ ಮಾತು ನನಗೆ ಸರಿಯೆಂದೇ ತೋರಿತು. ಅಂದಿನಿಂದ ಸಾಹೇಬರ ‘ಸಾರಿ’ ನನ್ನ ಹೊಟ್ಟೆ ಸೇರತೊಡಗಿತು.

ಮೊದಮೊದಲು ಅದೊಂದು ಮೋಜಾಗಿತ್ತು. ಕುಕನೂರ ಸಂತೆಯ ಹತ್ತಿರ ಸಾಹೇಬರು ಕಾಗದ ಓದುತ್ತ ನಡೆದು ಒಂದು ಎತ್ತಿಗೆ ಢಿಕ್ಕಿ ಹೊಡೆದರು. ಎತ್ತಿಗೂ ‘ಸಾರಿ’ ಎಂದರು. ಚಕ್ಕಡಿಯವನು ಓಡಿಬಂದ.

‘ನನ್ನ ಎತ್ತಿಗೆ ಏನೋ ಅಂದ್ರಲ್ರಿ ಸಾಹೇಬ್ರು, ಬೈದ್ರೇನ್ರಿ?’

‘ಇಲ್ಲೋ ಮಾರಾಯ, ಭಾಳ ಛಲೋ ಎತ್ತು ಅಂದ್ರು.’

ಆತ ಸಂತೆಯಲ್ಲೆಲ್ಲ ಅದನ್ನು ಹೇಳಿಕೊಂಡು ತಿರುಗಿದ. ಮುಂದಿನ ವಾರ ನೋಡಿದರೆ ಎತ್ತಿನ ಕೋಡಿಗೆ ಬಣ್ಣ, ಕೊರಳಿಗೆ ಹೊಸ ಗೆಜ್ಜೆ. ನಾನೂ ಪೇಷ್ಕಾರರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಕುಷ್ಟಗಿಯ ಕಡೆ ಒಂದು ಊರಿನಲ್ಲಿ ನಗುವ ಹಾಗಿರಲಿಲ್ಲ. ವಾಂತಿಭೇದಿ ಬಂದು ಹೋಗಿತ್ತು. ಒಬ್ಬ ತಾಯಿಯ ಕೂಸು ಅದರಲ್ಲಿ ತೀರಿತ್ತು. ಸಾಹೇಬರು ಟೊಪ್ಪಿಗೆ ತೆಗೆದು, ತಗ್ಗಿದ ದನಿಯಲ್ಲಿ ‘ಸಾರಿ’ ಎಂದರು. ಕೂಸು ಹೋದದ್ದರಲ್ಲಿ ಅವರ ತಪ್ಪೇನೂ ಇಲ್ಲ. ಆದರೂ ಅವರಲ್ಲಿ ಹಾಗೆ ಅನ್ನುತ್ತಾರೆ, ‘ನಿನ್ನ ಸಂಕಟ ನನಗೂ ತಾಗಿತು’ ಎನ್ನುವ ಹಾಗೆ. ಅಷ್ಟು ನನಗೆ ಗೊತ್ತಿತ್ತು. ಆದರೆ ರೂಢಿ ಬಿದ್ದ ನಾಲಿಗೆ. ‘ಸಾಹೇಬ್ರಿಗೆ ವಿಷಯ ತಿಳಿದೈತಿ’ ಎಂದೆ.

ಆಕೆ ತಲೆ ಎತ್ತಿ, ‘ತಿಳಿದು ಏನ್ ಮಾಡ್ತಾರಂತ?’ ಎಂದು ಕೇಳಿದಳು.

ಸಾಹೇಬರು ‘ಏನಂದಳು?’ ಎಂದರು. ‘ತಾವು ಬಂದದ್ದೇ ದೊಡ್ಡದು ಅನ್ನುತ್ತಾಳೆ’ ಎಂದು ಹೇಳಿದೆ. ಅವರು ಇನ್ನಷ್ಟು ತಲೆ ತಗ್ಗಿಸಿದರು. ಇಬ್ಬರ ಮಾತೂ ನನ್ನ ಬಾಯಿಗೆ ಬಂದು ಕೆಟ್ಟಿತು. ಇದು ಒಂದು ದಿನ ನನ್ನನ್ನು ಕಾಡಬಹುದು ಎಂದು ಆಗ ಅನ್ನಿಸಲೂ ಇಲ್ಲ. ನಾಚಿಕೆಗೆಟ್ಟವನು ನಾನು, ರಾತ್ರಿ ಹೊಟ್ಟೆ ತುಂಬ ಉಂಡು ಮಲಗಿದೆ.

ಈಗ ನೀಲವ್ವನ ಬಾವಿಯ ಕಥೆ. ಯಲಬುರ್ಗಾ ಸೀಮೆಯ ಒಂದು ಹಳ್ಳಿ. ಊರ ಹೆಸರು ಬರೆಯುವುದಿಲ್ಲ, ಆ ಮನೆತನದವರು ಇನ್ನೂ ಇದ್ದಾರೆ. ಊರಿಗೆ ಎರಡು ಬಾವಿ. ದೂರದ್ದು ಊರವರೆಲ್ಲ ಸೇರಿ ತೋಡಿದ್ದು. ಹತ್ತಿರದ್ದು ನೀಲವ್ವನ ಗಂಡ ತನ್ನ ಹೊಲದ ಅಂಚಿಗೆ ತಾನೇ ಕಲ್ಲು ಹೊತ್ತು ಕಟ್ಟಿಸಿ, ಊರಿಗೆಲ್ಲ ಬಿಟ್ಟುಕೊಟ್ಟ ಮೆಟ್ಟಿಲ ಬಾವಿ. ಆತ ತೀರಿಕೊಂಡಿದ್ದ. ನೀಲವ್ವ, ಮಗ ಸಂಗಪ್ಪ, ಹೊಸದಾಗಿ ಬಂದ ಸೊಸೆ, ಇಷ್ಟು ಜನ ಮನೆಯಲ್ಲಿ. ಸಾಹೇಬರು ಆ ಬಾವಿಯನ್ನು ಆರಿಸಿದರು.

ನಮ್ಮಲ್ಲಿ ಬಾವಿಯ ಕೆಲಸ ಶುರು ಮಾಡುವ ಮುನ್ನ ಗಂಗಿಪೂಜೆ, ಅಂದರೆ ನೀರಿನ ದೇವತೆ ಗಂಗವ್ವನ ಪೂಜೆ ಮಾಡುವುದು ರೂಢಿ. ಅದನ್ನು ಮುತ್ತೈದೆಯರು ಮಾಡಬೇಕು. ಗಂಡ ಸತ್ತವಳು ಆ ಹೊತ್ತಿಗೆ ಹತ್ತಿರ ಸುಳಿಯಬಾರದು ಎಂಬುದು ಜನರ ನಂಬಿಕೆ. ಸಾಹೇಬರಿಗೆ ಇದೇನು ಗೊತ್ತು? ‘ಬಾವಿ ಯಾರದೋ ಆ ಹಿರಿಯಳೇ ಪೂಜೆ ಮಾಡಲಿ, ಅದು ಆಕೆಯ ಹಕ್ಕು’ ಎಂದರು. ನಾನು ಅವರಿಗೆ ತಿಳಿಸಿ ಹೇಳಬಹುದಿತ್ತು. ಹೇಳಿದರೆ ಇಂಗ್ಲಿಷಿನಲ್ಲಿ ಉದ್ದಕ್ಕೆ ವಿವರಿಸಬೇಕು, ಬಿಸಿಲು ಬೇರೆ ಏರಿತ್ತು. ನೀಲವ್ವನ ಕಡೆ ತಿರುಗಿದೆ.

‘ನೀನಾ ಮಾಡಬೇಕಂತವ್ವಾ.’

ಆಕೆ ಹಿಂದೆ ಸರಿದಳು. ‘ನಾ ಒಲ್ಲೆನ್ರಿ. ನಾ ಮಾಡೂ ಹಂಗಿಲ್ಲ. ಸೊಸಿ ಅದಾಳ, ಆಕಿ ಮಾಡ್ತಾಳ.’

‘ಸಾಹೇಬ್ರ ಹುಕುಂ ಆಗೈತಿ’ ಎಂದೆ.

ಸಾಹೇಬರು ಆಡಿದ ಮಾತಿನಲ್ಲಿ ಹುಕುಂ ಎಲ್ಲೂ ಇರಲಿಲ್ಲ. ಆಕೆ ಸೆರಗು ಹೊದ್ದು, ಕಲ್ಲಿಗೆ ಅರಿಷಿಣ ಹಚ್ಚಿ ದೀಪ ಇಟ್ಟಳು. ಊರವರು ಗುಸುಗುಸು ಮಾಡಿದರು. ಹುಕುಂ ಎಂದ ಮೇಲೆ ಯಾರು ಬಾಯಿ ತೆಗೆಯುತ್ತಾರೆ?

ಕೆಲಸ ಚೆನ್ನಾಗಿಯೇ ನಡೆಯಿತು. ಮೆಟ್ಟಿಲು ಮುಚ್ಚಿದೆವು, ಕಟ್ಟೆ ಎದ್ದಿತು. ತಳ ಇನ್ನಷ್ಟು ಆಳವಾದರೆ ಬೇಸಿಗೆಗೂ ನೀರು ನಿಲ್ಲುತ್ತದೆ ಎಂದು ಸಾಹೇಬರು ಬಂಡೆಗೆ ಸಿಡಿಮದ್ದು ತುಂಬಿಸಿ ಸಿಡಿಸಿದರು. ಒಳಗೆ ಎಲ್ಲಿಯೋ ಬಂಡೆ ಬಿರುಕು ಬಿಟ್ಟಿತು. ಮರುದಿನ ಬೆಳಿಗ್ಗೆ ಇಣುಕಿ ನೋಡಿದರೆ ತಳದಲ್ಲಿ ಕೆಸರು ಮಾತ್ರ ಇತ್ತು. ಎಷ್ಟೋ ವರ್ಷದಿಂದ ಬತ್ತದ ಬಾವಿ.

ಊರಿಗೆ ಊರೇ ಕಟ್ಟೆಯ ಸುತ್ತ ನೆರೆಯಿತು. ಸಾಹೇಬರ ಮುಖ ಸುಣ್ಣವಾಗಿತ್ತು. ಅವರು ನೇರ ನೀಲವ್ವನ ಎದುರಿಗೆ ಹೋಗಿ ಟೊಪ್ಪಿಗೆ ತೆಗೆದರು. ‘ಸಾರಿ, ತಾಯಿ. ಇದು ನನ್ನ ತಪ್ಪು, ನನ್ನೊಬ್ಬನದೇ. ನಾನು ಅಷ್ಟು ಮದ್ದು ಹಾಕಬಾರದಿತ್ತು’ ಎಂದು ಇಂಗ್ಲಿಷಿನಲ್ಲಿ ಹೇಳಿ, ‘ಆಕೆಗೆ ಹೇಳು, ಇವರೆಲ್ಲರಿಗೂ ಕೇಳುವಂತೆ ಹೇಳು’ ಎಂದು ನನ್ನ ಕಡೆ ನೋಡಿದರು.

ಎಲ್ಲರ ಕಣ್ಣೂ ನನ್ನ ಬಾಯಿಯ ಮೇಲೆ. ಪೇಷ್ಕಾರರು ಪಕ್ಕದಲ್ಲೇ ಇದ್ದು, ಕಣ್ಣಲ್ಲೇ ಬೇಡ ಎಂದರು. ತಪ್ಪು ನಮ್ಮದೆಂದರೆ ಜನ ಹೊಸ ಬಾವಿ ಕೇಳುತ್ತಾರೆ, ಮೇಲಿನವರು ನಮ್ಮನ್ನು ಕೇಳುತ್ತಾರೆ ಎಂಬುದೆಲ್ಲ ನನ್ನ ತಲೆಯಲ್ಲೂ ಓಡಿತು. ಗಂಟಲು ಸರಿಮಾಡಿಕೊಂಡು ಜೋರಾಗಿಯೇ ಹೇಳಿದೆ:

‘ಗಂಗವ್ವ ಮುನಿಸಿಕೊಂಡು ಹೋಗ್ಯಾಳ. ಸಾಹೇಬ್ರ ಕೈಯಾಗ ಏನೂ ಇಲ್ಲ.’

ಗಂಗವ್ವ ಯಾರ ಮೇಲೆ ಮುನಿದಳು ಎಂದು ಆ ಊರಿಗೆ ಬಿಡಿಸಿ ಹೇಳುವ ಅಗತ್ಯವಿರಲಿಲ್ಲ. ಹೆಂಗಸರು ಒಬ್ಬೊಬ್ಬರಾಗಿ ನೀಲವ್ವನ ಕಡೆ ತಿರುಗಿದರು. ಆಕೆ ತನ್ನ ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ನಾನು ಅದನ್ನು ನೋಡಿದೆ. ನೋಡಿಯೂ ಸುಮ್ಮನೆ ಚಕ್ಕಡಿ ಹತ್ತಿದೆ.

ಆಮೇಲೆ ಸಾಹೇಬರಿಗೆ ಕನ್ನಡ ಕಲಿಯುವ ಹುಕಿ ಬಂತು. ಕೊಪ್ಪಳದ ಸಾಲಿ ಮಾಸ್ತರರೊಬ್ಬರು ಬಂಗಲೆಗೆ ಬಂದು ಕಲಿಸತೊಡಗಿದರು. ನಾನು ಒಳಗೊಳಗೆ ನಗುತ್ತಿದ್ದೆ, ಬಿಳಿಯರ ನಾಲಿಗೆಗೆ ‘ಳ’ ಎಲ್ಲಿ ಹೊರಳುತ್ತದೆ ಎಂದು. ನಾಲಿಗೆ ಹೊರಳದಿದ್ದರೂ ಕಿವಿ ಕಲಿಯುತ್ತಿತ್ತು, ಅದು ನನ್ನ ಗಮನಕ್ಕೆ ಬರಲಿಲ್ಲ.

ಗಂಗಾವತಿಯ ಹತ್ತಿರ ಒಂದು ಊರಲ್ಲಿ ನಮ್ಮ ಎತ್ತುಗಳು ಹಗ್ಗ ಹರಿದುಕೊಂಡು ಒಬ್ಬ ರೈತನ ಶೇಂಗಾ ಹೊಲಕ್ಕೆ ನುಗ್ಗಿದ್ದವು. ಸಾಹೇಬರು ಆತನಿಗೆ ‘ಸಾರಿ’ ಎಂದರು. ನಾನು ಎಂದಿನಂತೆ ‘ಸಾಹೇಬ್ರು ಮುಂದ ನೋಡ್ತಾರಂತ, ನೀ ಹೋಗು’ ಎಂದೆ. ಸಾಹೇಬರು ಕೈ ಎತ್ತಿ ನನ್ನನ್ನು ತಡೆದರು. ಮುರುಕು ಕನ್ನಡದಲ್ಲಿ ಕೇಳಿದರು:

‘ತಪ್ಪಾಯಿತು ಮಾತು ಎಲ್ಲಿ?’

ಅವರೇ ರೈತನ ಕಡೆ ತಿರುಗಿ, ಎಳೆ ಮಗು ಹೆಜ್ಜೆ ಇಡುವ ಹಾಗೆ ಒಂದೊಂದೇ ಅಕ್ಷರ ಹೇಳಿ ‘ತಪ್ಪಾಯಿತು’ ಎಂದರು. ರೈತ, ‘ಇರ್ಲಿ ಬಿಡ್ರಿ, ಎತ್ತು ಕೇಳ್ತಾವೇನ್ರಿ, ಶೇಂಗಾ ಮತ್ತ ಬೆಳದಾವು’ ಎಂದು ನಗುತ್ತ ಹೋದ. ಅಷ್ಟೇ. ಆಕಾಶ ಬೀಳಲಿಲ್ಲ, ಸರ್ಕಾರದ ಕಿಮ್ಮತ್ತು ಒಂದು ಕೂದಲಿನಷ್ಟೂ ಇಳಿಯಲಿಲ್ಲ.

ಡೇರೆಯಲ್ಲಿ ಕೂರಿಸಿಕೊಂಡು ಕೇಳಿದರು, ‘ಯಾವಾಗಿನಿಂದ ಹೀಗೆ?’

‘ಮೊದಲಿನಿಂದಲೂ’ ಎಂದೆ.

‘ಆ ಬಾವಿಯ ತಾಯಿಗೆ?’

ನಾನು ನೆಲ ನೋಡಿದೆ. ಅವರು ಮೇಜಿನ ಮೇಲೆ ಮೊಣಕೈ ಊರಿ ಮುಖ ಮುಚ್ಚಿಕೊಂಡರು. ಬೈದರೆ ಬೈಯಲಿ, ತೆಗೆದುಹಾಕಿದರೆ ಹಾಕಲಿ ಎಂದು ಕಾಯುತ್ತಿದ್ದೆ. ಅವರು ತಲೆ ಎತ್ತಿ, ‘ಸಾರಿ, ಮುನ್ಷಿ. ಮಾತು ಬರದೆ ಇಷ್ಟು ಊರು ತಿರುಗಿದ್ದು ನನ್ನ ತಪ್ಪು’ ಎಂದರು. ನನಗೆ! ಹೊಡೆದಿದ್ದರೆ ಮರೆಯುತ್ತಿದ್ದೆನೋ ಏನೋ.

ಇಬ್ಬರೂ ಕೂಡಿ ಆ ಊರಿಗೆ ಹೋಗುವುದೆಂದು ಮಾತಾಯಿತು. ಅಷ್ಟರಲ್ಲಿ ಎರಡನೇ ಮಹಾಯುದ್ಧ ಶುರುವಾಗಿ ಸಾಹೇಬರಿಗೆ ಕರೆ ಬಂತು. ಕೊಪ್ಪಳದ ಸ್ಟೇಷನ್ನಿನಲ್ಲಿ ಗಾಡಿ ಹತ್ತುವಾಗ, ‘ನೀನೇ ಹೋಗಿ ಆ ತಾಯಿಗೆ ಹೇಳು’ ಎಂದರು. ‘ಎಸ್ ಸರ್’ ಎಂದೆ. ಅವರು ಬದುಕಿ ಬಂದರೋ ಇಲ್ಲವೋ ನನಗೆ ಗೊತ್ತಾಗಲಿಲ್ಲ.

ನಾನು ಹೋಗಲಿಲ್ಲ. ಹೊಸ ಅಧಿಕಾರಿ ಬಂದರು, ಕೆಲಸ ಬಹಳ, ಮಳೆ, ಬಿಸಿಲು, ಹೆಂಡತಿಯ ಬಾಣಂತನ, ನೆವಕ್ಕೇನು ಕಡಿಮೆ? ಆ ಕಡೆಗೆ ಕೆಲಸ ಬಂದರೆ ಬೇರೆಯವರನ್ನು ಕಳಿಸುತ್ತಿದ್ದೆ. ಯುದ್ಧ ಮುಗಿಯುತ್ತ ಬಂದಿತ್ತು. ಒಂದು ದಿನ ಕುಕನೂರ ಸಂತೆಯಲ್ಲಿ ಯಾರೋ ಹಿಂದಿನಿಂದ ಕರೆದರು.

‘ಛಲೋ ಅದೀರೇನ್ರಿ, ಮುನ್ಷಿಯವರ?’

ತಿರುಗಿದರೆ ನೀಲವ್ವ. ಒಣಮೆಣಸಿನಕಾಯಿಯ ಪುಟ್ಟ ಗುಡ್ಡೆಯ ಮುಂದೆ ಕೂತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಸಂಗಪ್ಪ ಹೇಗಿದ್ದಾನೆಂದು ಬಾಯಿತಪ್ಪಿ ಕೇಳಿದೆ.

‘ಗಂಗಾವತಿಗೆ ಹೋಗ್ಯಾನ್ರಿ, ಅಕ್ಕಿ ಗಿರಣ್ಯಾಗ ದುಡೀತಾನ. ಸೊಸಿ ಬಸರಿ ಆದ ಕೂಡ್ಲೆ ಕರಕೊಂಡು ಹೋದ. ನನ್ನ ಕೈ ಛಲೋ ಅಲ್ಲಂತ, ನಾ ಮುಟ್ಟಿದ್ದು ಬತ್ತತೈತಂತ. ಮೊಮ್ಮಗನ್ನ ಇನ್ನೂ ನೋಡಿಲ್ಲ. ಊರಾಗ ನೀರಿಗೂ ನಾ ಕಡೀಕ ಹೋಗ್ತೀನ್ರಿ, ಎಲ್ಲಾರದೂ ಆದ ಮ್ಯಾಲೆ.’

ದೂರಿನ ದನಿ ಇರಲಿಲ್ಲ. ಮಳೆ ಬಂತು, ಹೋಯಿತು ಎನ್ನುವ ಹಾಗೆ ಹೇಳಿದಳು. ಆಮೇಲೆ ಸ್ವಲ್ಪ ಮುಂದೆ ಬಾಗಿದಳು.

‘ಒಂದು ಕೇಳ್ತೀನ್ರಿ. ಅವತ್ತ ಸಾಹೇಬ್ರು ಟೊಪ್ಪಿಗಿ ತಗದು, ನನ್ನ ಮಾರಿ ನೋಡಿ ಏನೋ ಭಾಳ ಹೊತ್ತು ಅಂದ್ರು. ನೀವು ಹೇಳಿದ್ದು ಸಣ್ಣದು. ಅವರು ಅಂದಿದ್ದೇನ್ರಿ?’

ಸಂತೆ ಗದ್ದಲದಲ್ಲಿ, ಮೆಣಸಿನ ಘಾಟಿನಲ್ಲಿ ನಿಂತು ನನಗೆ ಬೆವರಿತು. ‘ನಿಮ್ಮೂರಿಗೇ ಬಂದು ಹೇಳ್ತೀನವ್ವಾ’ ಎಂದು ಅಲ್ಲಿಂದ ಕಾಲ್ತೆಗೆದೆ. ಆದರೆ ಈ ಸಲ ಹೋದೆ. ಹೋಗದಿದ್ದರೆ ಅನ್ನ ಇಳಿಯುತ್ತಿರಲಿಲ್ಲ.

ಚಾವಡಿಯಲ್ಲಿ ಗೌಡರನ್ನೂ ಹಿರಿಯರನ್ನೂ ಕೂಡಿಸಿ ಹೇಳಿದೆ: ‘ಸಾಹೇಬ್ರು ಅವತ್ತ ತಪ್ಪಾತು ಅಂದಿದ್ರು. ಮದ್ದು ಹೆಚ್ಚಾಗಿ ಬಂಡೆಗಲ್ಲು ಸೀಳಿ ನೀರು ಹೋತು. ಪೂಜಾ ಮಾಡಂತ ಹುಕುಂ ಅಂದದ್ದೂ ಸುಳ್ಳು. ನೀಲವ್ವನದು ಏನೂ ಇಲ್ಲ.’

ಎಲ್ಲರೂ ನಕ್ಕರು.

‘ಸರಕಾರ ತಪ್ಪಾತು ಅಂದಿತ್ತಂತ, ಕೇಳ್ರಪಾ!’ ಎಂದ ಒಬ್ಬ. ಇನ್ನೊಬ್ಬ, ‘ಮುದುಕಿ ಬಂದು ಅತ್ತಳೇನ್ರಿ ನಿಮ್ಮ ಮುಂದ?’ ಎಂದ. ಮೂಲೆಯಲ್ಲಿ ಕೂತಿದ್ದ ವಯಸ್ಸಾದವನೊಬ್ಬ ನಗಲಿಲ್ಲ. ‘ಅವತ್ತ ನಿಮಗ ಸುಳ್ಳು ಹೇಳಾಕ ಬಂತು. ಇವತ್ತ ಹೇಳೂದು ಖರೇ ಅಂತ ನಾವು ಹೆಂಗ ತಿಳೀಬೇಕ್ರಿ?’ ಎಂದು ಕೇಳಿದ.

ಮೂರು ಭಾಷೆ ಕಲಿತ ನಾನು ಎದ್ದು ನಿಂತೆ. ಗೌಡರು ನನ್ನನ್ನು ಹೊರಗೆ ಕರೆದುಕೊಂಡು ಬಂದು, ‘ಊರು ನಂಬಿದರೇನು, ಬಿಟ್ಟರೇನ್ರಿ? ಆಕಿ ಮಗ ನಂಬಬೇಕು. ಅಂವ ಬಂದ್ರ ಊರು ತಾನಾ ಬಾಯಿ ಮುಚ್ಚತೈತಿ’ ಎಂದರು. ನೀಲವ್ವನ ಮನೆಯ ಕಡೆ ನೋಡಲು ಧೈರ್ಯವಾಗದೆ, ಬಂದ ದಾರಿಯಲ್ಲೇ ಹಿಂದಿರುಗಿ ಗಂಗಾವತಿಯ ಬಸ್ಸು ಹಿಡಿದೆ.

ಗಿರಣಿಯ ಅಂಗಳದಲ್ಲಿ ಸಂಗಪ್ಪ ಚೀಲ ಹೊರುತ್ತಿದ್ದ. ಮೈಗೆಲ್ಲ ತೌಡು. ನನ್ನ ಗುರುತು ಹಿಡಿದು ಕೈಮುಗಿದ. ನಾನು ನಿಂತಲ್ಲೇ ಎಲ್ಲ ಹೇಳಿದೆ. ಆತ ಚೀಲ ಇಳಿಸಿ ಅದರ ಮೇಲೆಯೇ ಕೂತ.

‘ಹಂಗಾದ್ರ ನೀವು ಅವತ್ತ ಯಾಕ ಹಂಗ ಹೇಳಿದ್ರಿ?’

‘ಸಾರಿ’ ಎಂದೆ.

ಬೇಕೆಂದು ಅಂದದ್ದಲ್ಲ. ಇಷ್ಟು ವರ್ಷ ನುಂಗಿದ ಮಾತು ತಾನಾಗಿ ಹೊರಗೆ ಬಂತು, ಇಂಗ್ಲಿಷಿನಲ್ಲೇ ಬಂತು. ನಿಂತಲ್ಲೇ ಅನ್ನಬಹುದಾದ ಹಗುರ ಮಾತಲ್ಲವೇ? ಸಂಗಪ್ಪನಿಗೆ ಅರ್ಥವಾಗಲಿಲ್ಲ.

‘ಹಂಗಂದ್ರ ಏನ್ರಿ?’

‘ತಪ್ಪಾತು ಅಂತ’ ಎಂದೆ. ಆ ಮಾತಿನ ಅರ್ಥವನ್ನು ನಾನು ಆ ಮನೆಯವರಿಗೆ ಸರಿಯಾಗಿ ಹೇಳಿದ್ದು ಅದೇ ಮೊದಲು.

ಆತ ಅಂಗೈಯಲ್ಲಿನ ತೌಡು ಉಜ್ಜುತ್ತ ಕೂತ. ‘ನೀವು ಬ್ಯಾರೆಯವರು, ಸರಕಾರದವರು. ನಿಮ್ಮ ಮಾತು ಬಿಡ್ರಿ. ಆಕಿ ಹೊಟ್ಟ್ಯಾಗ ಹುಟ್ಟಿದಾಂವ ನಾ. ನಾ ಹೆಂಗ ನಂಬಿದ್ನಿ?’ ಎಂದ. ಮರುದಿನ ಹೆಂಡತಿ ಮಗುವನ್ನು ಕರೆದುಕೊಂಡು ನನ್ನ ಜೊತೆಯೇ ಹೊರಟ.

ನಾವು ಊರು ಮುಟ್ಟಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಉಳಿದ ಹೆಂಗಸರ ಸರದಿ ಮುಗಿಯುವುದನ್ನು ಕಾಯುತ್ತ ನೀಲವ್ವ ಕೊಡ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಮಗನನ್ನು ಕಂಡು ಅಲ್ಲಾಡಲಿಲ್ಲ. ಆತ ಏನೆನ್ನುತ್ತಾನೆ ಎಂದು ನಾನು ನೋಡಿದೆ. ಆತ ಮಗುವನ್ನು ಆಕೆಯ ಕೈಗೆ ಕೊಟ್ಟು, ಆಕೆಯ ಕೈಯಲ್ಲಿದ್ದ ಕೊಡ ಇಸಿದುಕೊಂಡು ಹೆಗಲಿಗೇರಿಸಿ ನಡೆದ. ನಮ್ಮ ಊರುಗಳಲ್ಲಿ ಗಂಡಸು ಕೊಡ ಹೊತ್ತು ನೀರಿಗೆ ಹೋಗುವುದಿಲ್ಲ. ಚಾವಡಿಯಲ್ಲಿ ಕೂತವರು ಎದ್ದು ನಿಂತು ನೋಡಿದರು. ಮನೆ ಎತ್ತರದಲ್ಲಿತ್ತು, ಊರವರ ಆ ದೂರದ ಬಾವಿಯ ಹತ್ತಿರ ಸಾಲಿನಲ್ಲಿದ್ದ ಹೆಂಗಸರು ತಾವಾಗಿಯೇ ಪಕ್ಕಕ್ಕೆ ಸರಿದದ್ದು ಬಾಗಿಲಿನಿಂದಲೇ ಕಾಣುತ್ತಿತ್ತು.

ನೀಲವ್ವ ಮೊಮ್ಮಗನ ತಲೆ ಸವರಿದಳು. ಮೊದಲು ಅಂಜುತ್ತ ಒಂದು ಬೆರಳು, ಆಮೇಲೆ ಪೂರ್ತಿ ಕೈ. ನನ್ನ ಎದೆ ಹಗುರಾಯಿತು. ಬಂದ ಕೆಲಸ ಮುಗಿಯಿತು, ಸಾಹೇಬರಿಗೆ ಕೊಟ್ಟ ಮಾತು ತೀರಿತು ಎಂದುಕೊಂಡು ರುಮಾಲು ಸರಿಮಾಡಿಕೊಂಡೆ, ಹೊರಡಲು ತಿರುಗಿದೆ.

‘ಮುನ್ಷಿಯವರ’ ಎಂದು ಕರೆದಳು. ‘ಊರಾಗ ಹೇಳಿದಿರಂತ. ನನ್ನ ಮಗಗ ಹೇಳಿದಿರಿ. ಸಾಹೇಬ್ರು ಏನಂದ್ರು ಅನ್ನೂದೂ ಎಲ್ಲಾರಿಗೂ ಗೊತ್ತಾತು. ನೀವು ನನಗ ಯಾವಾಗ ಹೇಳ್ತೀರಿ?’

ಬಿಸಿಲಲ್ಲಿ ನಿಂತುಬಿಟ್ಟೆ. ಹೌದು, ಚಾವಡಿಯಲ್ಲಿ ನಾನು ಒಪ್ಪಿಸಿದ್ದು ಸಾಹೇಬರ ತಪ್ಪನ್ನು. ಅಲ್ಲೂ ನಾನು ಮುನ್ಷಿಯೇ ಆಗಿದ್ದೆ, ಇನ್ನೊಬ್ಬರ ಮಾತು ಹೊತ್ತು ಹೋಗಿದ್ದೆ. ಆಕೆಗೆ ನನ್ನದೇ ಆದ ಒಂದು ಮಾತನ್ನೂ ಹೇಳಿರಲಿಲ್ಲ. ಬಾಯಿ ತೆರೆದೆ, ಬರಲಿಲ್ಲ. ಇನ್ನೊಮ್ಮೆ ತೆರೆದೆ. ಆಕೆ ಅವಸರ ಮಾಡಲಿಲ್ಲ, ಒಳಗೂ ಹೋಗಲಿಲ್ಲ. ಕೂಸನ್ನು ಸೊಂಟಕ್ಕೇರಿಸಿಕೊಂಡು ನನ್ನ ಮುಖ ನೋಡುತ್ತ ಹೊಸ್ತಿಲಲ್ಲಿ ನಿಂತೇ ಇದ್ದಳು.

ಸಂಗಪ್ಪ ತುಂಬಿದ ಕೊಡ ಹೊತ್ತು ಹಿಂದಿರುಗಿ ನಮ್ಮಿಬ್ಬರನ್ನು ದಾಟಿ ಒಳಗೆ ಹೋದ ಮೇಲೆ ನಾನು ರುಮಾಲು ತೆಗೆದೆ, ಬಗ್ಗಿದೆ. ‘ತಪ್ಪಾತವ್ವಾ’ ಎಂದೆ. ಅಷ್ಟು ಹೊತ್ತೂ ಆಕೆ ಕಾದಿದ್ದಳು.